ಬ್ಯಾಟೇ ಸರಿ ಇಲ್ಲ

ನಾನು ಚಿಕ್ಕವನಿದ್ದಾಗ ನಮ್ಮೂರಿನಲ್ಲಿ ಆಟದ ಸಾಮಾನಿನ ಅಂಗಡಿ ಅಂತ ಒಂದೂ ಇರಲಿಲ್ಲ. ಬ್ಯಾಟು ಬೇಕಿದ್ದರೆ ಫ್ಯಾನ್ಸಿ ಸ್ಟೋರಿಗೆ ಹೋಗಬೇಕಿತ್ತು. ಕೆಳಗೆ ಬಳೆ, ರಿಬ್ಬನ್ನು, ಜಾಮಿಟ್ರಿ ಬಾಕ್ಸು, ಮದುವೆಗೆ ಉಡುಗೊರೆ ಕೊಡೋ ಗೋಡೆ ಗಡಿಯಾರ. ಮೇಲೆ ಸೂರಿಗೆ ಕಟ್ಟಿದ ಹಗ್ಗದಲ್ಲಿ ಶಟಲ್ ಬ್ಯಾಟುಗಳು ಜೋಡಿ ಜೋಡಿಯಾಗಿ ನೇತಾಡುತ್ತಿದ್ದವು. ಬ್ಯಾಟಿನ ಮೇಲೆ ಪ್ಲಾಸ್ಟಿಕ್ ಕವರು, ಕವರಿನ ಮೇಲೆ ಹೋದ ವರ್ಷದ ಧೂಳು. ಬೇಸಿಗೆ ರಜೆ ಬಂದರೆ ಮಾತ್ರ ಯಾರಾದರೂ ತಲೆ ಎತ್ತಿ ಆ ಕಡೆ ನೋಡುತ್ತಿದ್ದರು.

ಎರಡು ಬ್ಯಾಟು, ಒಂದು ಪ್ಲಾಸ್ಟಿಕ್ ಕಾಕು, ಅಂದರೆ ಶಟಲ್‌ಕಾಕು. ಎಲ್ಲಾ ಸೇರಿ 35 ರೂಪಾಯಿ. ನಾನು ಹೇಳುತ್ತಿರೋದು 1980ರ ದಶಕದ ಮಾತು. ರ‍್ಯಾಕೆಟ್ ಅನ್ನೋ ಶಬ್ದ ಪೇಪರಿನಲ್ಲಿ ಇತ್ತು, ನಮ್ಮ ಬಾಯಲ್ಲಿ ಇರಲಿಲ್ಲ. ಕ್ರಿಕೆಟ್ಟಿನದ್ದೂ ಬ್ಯಾಟೇ, ಶಟಲ್‌ದೂ ಬ್ಯಾಟೇ, ಟೆನಿಸ್‌ದೂ ಬ್ಯಾಟೇ.

ಏಪ್ರಿಲ್ 10ಕ್ಕೆ ರಿಸಲ್ಟು. ಪಾಸಾದರೆ ಬ್ಯಾಟು ಅಂತ ಮನೆಯಲ್ಲಿ ಒಪ್ಪಂದ. ನನ್ನ ಗಣಿತ ನೋಡಿಕೊಂಡು ಅಪ್ಪ ಬಹಳ ಧೈರ್ಯವಾಗಿ ಈ ಒಪ್ಪಂದಕ್ಕೆ ಬರುತ್ತಿದ್ದರು. ಒಂದು ವರ್ಷ ನಾನು ಪಾಸಾಗಿಬಿಟ್ಟೆ. ನೋಟೀಸ್ ಬೋರ್ಡಿನ ಹತ್ತಿರ ಅವರೇ ಹೋಗಿ ಇನ್ನೊಂದು ಸಲ ನಂಬರು ನೋಡಿಕೊಂಡು ಬಂದರು.

ಬ್ಯಾಟು ಆರಿಸೋದಕ್ಕೆ ಒಂದು ಶಾಸ್ತ್ರ ಇತ್ತು. ಮೊದಲು ಗಟ್ಟನ್ನು, ಅಂದರೆ ಬ್ಯಾಟಿಗೆ ಹೆಣೆದ ದಾರವನ್ನು, ಉಗುರಿನಿಂದ ಮೀಟಿ ಕಿವಿಗೆ ಹಿಡಿಯಬೇಕು. ಟಣ್ ಅಂದರೆ ಒಳ್ಳೇದು. ಟಪ್ ಅಂದರೆ 'ಬೇರೆ ತೋರಿಸಿ' ಅನ್ನಬೇಕು. ಆಮೇಲೆ ಅಂಗೈಗೆ ಎರಡು ಸಲ ಬಡಿದುಕೊಳ್ಳಬೇಕು. ಇದು ಯಾಕೆ ಅಂತ ನಮಗೂ ಗೊತ್ತಿರಲಿಲ್ಲ, ಅಂಗಡಿಯವರಿಗೂ ಗೊತ್ತಿರಲಿಲ್ಲ. ಕೊನೆಗೆ ಒಂದು ಕಣ್ಣು ಮುಚ್ಚಿ, ಹಿಡಿಕೆಯ ಕಡೆಯಿಂದ ತುದಿತನಕ ನೋಡಬೇಕು, ಸೊಟ್ಟಗಿದೆಯಾ ಅಂತ. ಸೊಟ್ಟಗೇ ಇರುತ್ತಿತ್ತು. ಯಾವ ಕಡೆಗೆ, ಎಷ್ಟು ಅನ್ನೋದಷ್ಟೇ ನಮ್ಮ ಆಯ್ಕೆ.

ಕವರಿನ ಮೇಲೆ ಜಲಂಧರ್ ಅಂತಲೋ ಮೀರತ್ ಅಂತಲೋ ಅಚ್ಚಾಗಿರುತ್ತಿತ್ತು. ಇದರ ಹಿಂದಿನ ಕಥೆ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ದೇಶ ಒಡೆಯೋ ಮುಂಚೆ ಆಟದ ಸಾಮಾನಿಗೆ ಹೆಸರಾದ ಊರು ಸಿಯಾಲ್‌ಕೋಟ್. 1947ರಲ್ಲಿ ಅದು ಪಾಕಿಸ್ತಾನಕ್ಕೆ ಹೋಯಿತು. ಅಲ್ಲಿಂದ ಬಂದ ಕಸುಬುದಾರರು ಜಲಂಧರಿನಲ್ಲಿ, ಮೀರತ್ತಿನಲ್ಲಿ ನೆಲೆ ನಿಂತು ಮತ್ತೆ ಬ್ಯಾಟು, ಚೆಂಡು ಮಾಡೋಕೆ ಶುರು ಮಾಡಿದರು. ಅಷ್ಟು ದೊಡ್ಡ ಚರಿತ್ರೆ ನಮ್ಮೂರ ಫ್ಯಾನ್ಸಿ ಸ್ಟೋರಿನ ಸೂರಿನಲ್ಲಿ ಸುಮ್ನೆ ನೇತಾಡುತ್ತಿತ್ತು. ನಮಗೆ ಗೊತ್ತಿದ್ದದ್ದು ಒಂದೇ. ಜಲಂಧರಿನದಕ್ಕೆ ಐದು ರೂಪಾಯಿ ಜಾಸ್ತಿ.

ಮನೆಗೆ ಬಂದ ಮೇಲೆ ಬ್ಯಾಟು ಒಂದೊಂದೇ ಅಂಗ ಕಳೆದುಕೊಳ್ಳೋಕೆ ಶುರು ಮಾಡುತ್ತಿತ್ತು. ಮೊದಲು ಹೋಗೋದು ಹಿಡಿಕೆಗೆ ಸುತ್ತಿದ ರೆಕ್ಸಿನ್ ಪಟ್ಟಿ. ಅದು ಬಿಚ್ಚಿಕೊಂಡರೆ ಒಳಗೆ ಒಂದು ಬಿಳೀ ಮರದ ತುಂಡು, ಅದಕ್ಕೆ ಎರಡು ಗುಂಡುಸೂಜಿಯಷ್ಟು ಸಣ್ಣ ಮೊಳೆ. ಆ ಮೊಳೆಯ ತಲೆ ಸರಿಯಾಗಿ ಹೆಬ್ಬೆರಳ ಬುಡಕ್ಕೇ ಸಿಗೋ ಹಾಗೆ ಕೂರಿಸಿದ್ದು ಯಾವ ಪುಣ್ಯಾತ್ಮನೋ. ನಾವು ಪಂಕ್ಚರ್ ಅಂಗಡಿಗೆ ಹೋಗಿ ಹಳೇ ಸೈಕಲ್ ಟ್ಯೂಬು ತಂದು, ಉದ್ದಕ್ಕೆ ಸೀಳಿ, ಎಳೆದು ಸುತ್ತುತ್ತಿದ್ದೆವು. ಹಿಡಿತ ಭದ್ರವಾಗುತ್ತಿತ್ತು. ಆದರೆ ಕೈ ಬೆವರಿದರೆ ಅಂಗೈ ಪೂರ್ತಿ ಕಪ್ಪು. 'ಓದ್ತಾ ಇದ್ದೆ' ಅಂತ ಹೇಳಿ ಊಟಕ್ಕೆ ಕೂತರೆ ಅಮ್ಮ ಕೈ ನೋಡಿಯೇ ತೀರ್ಪು ಕೊಡುತ್ತಿದ್ದರು.

ಆಮೇಲೆ ಕುತ್ತಿಗೆ. ಸ್ಟೀಲಿನ ಕೋಲು ಮೇಲಿನ ಸುತ್ತಿಗೆ ಸೇರೋ ಕಡೆ ಟಿ ಆಕಾರದ ಒಂದು ತುಂಡು ಇರುತ್ತಿತ್ತು. ಅಲ್ಲೇ ಅದರ ಪ್ರಾಣ. ನಾಲ್ಕು ಸ್ಮ್ಯಾಶ್ ಹೊಡೆದರೆ ಅದು ಸಡಿಲ. ಹಿಡಿಕೆ ಒಂದು ದಿಕ್ಕು ನೋಡಿದರೆ ಮುಖ ಇನ್ನೊಂದು ದಿಕ್ಕು. ನಾವು ಗುರಿ ಇಟ್ಟಿದ್ದು ಎಡಕ್ಕೆ, ಕಾಕು ಹೋಗಿದ್ದು ಬಲಕ್ಕೆ. ನೋಡಿದವರು 'ಎಂಥಾ ಪ್ಲೇಸಿಂಗ್!' ಅಂತಿದ್ದರು. ನಾವು ಸುಮ್ಮನಿರುತ್ತಿದ್ದೆವು.

ಒಂದು ಸಂಜೆ ಪಕ್ಕದ ಮನೆ ಹುಡುಗ ಸರ್ವಿಸ್ ಮಾಡಿದ. ಕಾಕು ಅವನ ಕಾಲ ಹತ್ತಿರವೇ ಬಿತ್ತು. ಬ್ಯಾಟಿನ ತಲೆ ನೆಟ್ ದಾಟಿ ನನ್ನ ಕಡೆ ಬಂತು. ನಾನು ಅಭ್ಯಾಸಬಲದಿಂದ ಅದನ್ನೇ ತಿರುಗಿಸಿ ಹೊಡೆದೆ. ಅದು ಮತ್ತೆ ಅವನ ಕಡೆಗೇ ಹೋಗಿ ಬಿತ್ತು. ಪಾಯಿಂಟು ಯಾರದ್ದು ಅಂತ ಕತ್ತಲಾಗೋವರೆಗೂ ಜಗಳ. ಕಾಕು ನೆಟ್ ದಾಟಿಲ್ಲ, ಆದ್ದರಿಂದ ಫಾಲ್ಟು ಅಂತ ನಾನು. ಬ್ಯಾಟು ದಾಟಿದೆಯಲ್ಲಾ ಅಂತ ಅವನು. ಈಗ ಅವನು ಲಾಯರು. ಆಶ್ಚರ್ಯ ಏನಿಲ್ಲ.

ನೆಟ್ ಅಂದೆನಲ್ಲಾ, ಅದು ಅಮ್ಮನ ಹಳೇ ಸೀರೆ. ಒಂದು ತುದಿ ಕಿಟಕಿ ಸರಳಿಗೆ, ಇನ್ನೊಂದು ತುದಿ ತೆಂಗಿನ ಮರಕ್ಕೆ. ಹಗ್ಗ ಕಟ್ಟಿ ಆಡೋರೂ ಇದ್ದರು. ಆದರೆ ಹಗ್ಗದಲ್ಲಿ ಕಾಕು ಮೇಲಿಂದ ಹೋಯಿತೋ ಕೆಳಗಿಂದ ಹೋಯಿತೋ ಅನ್ನೋದು ಎಂದಿಗೂ ಬಗೆಹರಿಯುತ್ತಿರಲಿಲ್ಲ. ಸೀರೆಯಲ್ಲಿ ಆ ತಕರಾರು ಇಲ್ಲ. ಬೇರೆ ತಕರಾರು ಇತ್ತು. ಎದುರಿಗಿದ್ದವನು ಸೀರೆ ಹಿಂದೆ ಕೂತು ಚಪ್ಪಲಿ ಸರಿ ಮಾಡಿಕೊಳ್ಳುತ್ತಿದ್ದರೂ ಕಾಣುತ್ತಿರಲಿಲ್ಲ. ನಾವು 'ಲವಾಲ್' (ಲವ್ ಆಲ್, ಅಂದರೆ ಇಬ್ಬರದೂ ಸೊನ್ನೆ) ಅಂತ ಕೂಗಿ ಸರ್ವಿಸ್ ಮಾಡಿಬಿಡುತ್ತಿದ್ದೆವು.

ಕೊನೆಗೆ ಹೋಗೋದು ಗಟ್ಟು. ಇಡೀ ಬ್ಯಾಟಿಗೆ ಒಂದೇ ಎಳೆ ನೈಲಾನ್ ದಾರ. ಒಂದು ಕಡೆ ಹರಿದರೆ ಪೂರ್ತಿ ಸಡಿಲ. ಗಟ್ಟು ಹಾಕಿಸೋದಕ್ಕೆ ತುಮಕೂರಿಗೆ ಹೋಗಬೇಕು. ಹಾಕೋ ಕೂಲಿ ಬ್ಯಾಟಿನ ಬೆಲೆಗಿಂತ ಜಾಸ್ತಿ. ಹಾಗಾಗಿ ನಾವೇ ಹಾಕುತ್ತಿದ್ದೆವು. ಮೀನು ಹಿಡಿಯೋ ದಾರ ನೋಡಿದೆವು, ಬೆರಳು ಕುಯ್ದಿತು. ಸುತಲಿ ನೋಡಿದೆವು, ಕಾಕು ಅದಕ್ಕೆ ತಾಗಿ ಅಲ್ಲೇ ಬೀಳುತ್ತಿತ್ತು. ಆ ಕಾಲಕ್ಕೆ ಎಲ್ಲರ ಮನೆಯಲ್ಲೂ ವೈರ್ ಬ್ಯಾಗ್ ಹೆಣೆಯೋ ಹುಚ್ಚು. ನಮ್ಮ ಅಕ್ಕ ಹಸಿರು ವೈರು, ಹಳದಿ ವೈರು ಎರಡು ಕಟ್ಟು ತಂದಿಟ್ಟಿದ್ದಳು. ಒಂದು ಮಧ್ಯಾಹ್ನ ಅವಳು ಟೈಪಿಂಗ್ ಕ್ಲಾಸಿಗೆ ಹೋಗಿದ್ದಾಗ ಬ್ಯಾಟಿಗೆ ಗಟ್ಟು ಬಿತ್ತು. ಉದ್ದಕ್ಕೆ ಹಸಿರು, ಅಡ್ಡಕ್ಕೆ ಹಳದಿ. ತೂತಿನಲ್ಲಿ ವೈರು ತೂರೋದಿಲ್ಲ ಅಂತ ಚೌಕಟ್ಟಿನ ಮೇಲೇ ಸುತ್ತಿ ಗಂಟು ಹಾಕಿದ್ದೆವು. ನೋಡೋದಕ್ಕೆ ಬಲು ಚೆನ್ನಾಗಿತ್ತು. ಹೊಡೆದರೆ ಮಾತ್ರ ಸದ್ದೇ ಇಲ್ಲ. ಕಾಕು ಬಂದು ತಾಗೋದು, ಒಂದು ಕ್ಷಣ ಅಲ್ಲೇ ಇರೋದು, ಆಮೇಲೆ ಕೆಳಗೆ ಇಳಿಯೋದು. ಅಕ್ಕನ ಬ್ಯಾಗಿಗೆ ಕೊನೆಗೆ ಒಂದು ಹಿಡಿ ಮಾತ್ರ ಬಂತು. ಆ ಒಂದೇ ಹಿಡಿಯ ಬ್ಯಾಗಿನಲ್ಲಿ ಅವಳು ವರ್ಷಗಟ್ಟಲೆ ತರಕಾರಿ ತಂದಳು. ತಂದಾಗಲೆಲ್ಲಾ ನನ್ನ ಮುಖ ನೋಡುತ್ತಿದ್ದಳು.

ಇಷ್ಟೆಲ್ಲಾ ಆದರೂ ಆ ಬ್ಯಾಟುಗಳಿಂದ ಒಂದು ಮಹಾ ಉಪಕಾರ ಇತ್ತು. ಅದನ್ನು ಹಿಡಿದು ಆಡಿದವರು ಯಾರೂ ಸೋಲುತ್ತಿರಲಿಲ್ಲ. ಬ್ಯಾಟು ಸೋಲುತ್ತಿತ್ತು. 'ಬ್ಯಾಟೇ ಸರಿ ಇಲ್ಲ' ಅಂತ ಒಂದು ಮಾತು ಹೇಳಿ, ಅದನ್ನು ನೆಲಕ್ಕೆ ಕುಟ್ಟಿ, ತಲೆ ಎತ್ತಿಕೊಂಡು ಮನೆಗೆ ಹೋಗಬಹುದಿತ್ತು. ಎಲ್ಲರೂ ನಂಬುತ್ತಿದ್ದರು. ಯಾಕಂದರೆ ಅದು ನಿಜವಾಗಿಯೂ ಸರಿ ಇರಲಿಲ್ಲ. ಗೆದ್ದವನಿಗೂ ಹೆಚ್ಚು ಕೊಬ್ಬು ಬರುತ್ತಿರಲಿಲ್ಲ. 'ನಿನಗೆ ಒಳ್ಳೇ ಬ್ಯಾಟು ಸಿಕ್ಕಿತ್ತು ಬಿಡು' ಅಂದರೆ ಮುಗಿಯಿತು. ಇದಕ್ಕೆ ಅಂತಲೇ ನಮ್ಮ ಬೀದಿಯಲ್ಲಿ ಒಂದು ಕಾನೂನು ಬಂತು. ಎಂಟು ಪಾಯಿಂಟಿಗೆ ಬ್ಯಾಟ್ ಚೇಂಜ್. ಬೇರೆ ಕಡೆ ಕೋರ್ಟಿನ ಕಡೆ ಬದಲಾಯಿಸುತ್ತಾರಲ್ಲಾ, ನಾವು ಬ್ಯಾಟನ್ನೇ ಬದಲಾಯಿಸುತ್ತಿದ್ದೆವು. ಕಡೆ ಬದಲಾಯಿಸೋಕೆ ಆಗುತ್ತಿರಲಿಲ್ಲ. ಒಂದು ಕಡೆ ಚರಂಡಿ.

ಈ ಹುಚ್ಚು ನಮ್ಮೂರಿಗೆ ಹತ್ತಿದ್ದು ಪ್ರಕಾಶ್ ಪಡುಕೋಣೆಯವರಿಂದ. 1980ರ ಮಾರ್ಚ್‌ನಲ್ಲಿ ಅವರು ಲಂಡನ್ನಿನಲ್ಲಿ ಇಂಡೋನೇಷ್ಯಾದ ಲೀಮ್ ಸ್ವೀ ಕಿಂಗ್ ಅವರನ್ನು 15-3, 15-10ರಿಂದ ಸೋಲಿಸಿ ಆಲ್ ಇಂಗ್ಲೆಂಡ್ ಅನ್ನೋ ದೊಡ್ಡ ಶಟಲ್ ಪಂದ್ಯಾವಳಿ ಗೆದ್ದರು. ಆ ಕಪ್ ಗೆದ್ದ ಮೊದಲ ಭಾರತೀಯ, ಅದೂ ನಮ್ಮ ಕಡೆಯವರು! ಆ ಮೇಲೆ ಕರ್ನಾಟಕದಲ್ಲಿ ಶಟಲ್ ಬ್ಯಾಟು ನೇತಾಡದ ಫ್ಯಾನ್ಸಿ ಸ್ಟೋರೇ ಇರಲಿಲ್ಲ ಅಂತ ನನ್ನ ಅಂದಾಜು. ನಮ್ಮ ಬೀದಿಯಲ್ಲಿ ಪ್ರಕಾಶ ಅನ್ನೋ ಹೆಸರಿನ ಹುಡುಗ ಒಬ್ಬನಿದ್ದ. ಅವನಿಗೆ ಆಟ ಬರುತ್ತಿರಲಿಲ್ಲ, ಆದರೂ ಸರ್ವಿಸ್ ಯಾವಾಗಲೂ ಅವನಿಗೇ ಮೊದಲು.

ಪ್ರಕಾಶ್ ಆಟ ಕಲಿತಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲಿನಲ್ಲಿ. ಆಗ ಬೆಂಗಳೂರಿನಲ್ಲೂ ಶಟಲ್ ಕೋರ್ಟು ಅಂತ ಎಲ್ಲಿತ್ತು? ಮದುವೆ ಇಲ್ಲದ ದಿನ ಹಾಲೇ ಕೋರ್ಟು. ಈ ಸುದ್ದಿ ನಮ್ಮ ಲಾಯರು ಹುಡುಗನಿಗೆ ಎಲ್ಲಿಂದಲೋ ಸಿಕ್ಕಿತು. ಅವನಿಗೆ ಅರ್ಧ ಸುದ್ದಿ ಸಿಕ್ಕಿತ್ತು. 'ಮದುವೆ ಇಲ್ಲದ ದಿನ' ಅನ್ನೋದು ಬಿಟ್ಟು ಹೋಗಿತ್ತು.

ಹಾಗಾಗಿ ಒಂದು ಮೇ ತಿಂಗಳ ಬೆಳಿಗ್ಗೆ, ನಮ್ಮ ಸಂಬಂಧದವರದೇ ಒಂದು ಮದುವೆಯಲ್ಲಿ, ಛತ್ರದ ಹಿಂದಿನ ಅಂಗಳದಲ್ಲಿ ಆಟ ಶುರುವಾಯಿತು. ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಅಂಗಳದ ಒಂದು ಪಕ್ಕಕ್ಕೆ ಅಡಿಗೆ ಚಪ್ಪರ. ಅಲ್ಲಿ ಮೂರು ಕಲ್ಲಿನ ಒಲೆಯ ಮೇಲೆ ಹುಳಿಯ ಕೊಳಗ, ಬಾಯಿ ತೆರೆದುಕೊಂಡು ಕುದಿಯುತ್ತಿತ್ತು. ಅವತ್ತು ನಮ್ಮ ಹತ್ತಿರ ಇದ್ದದ್ದು ಪ್ಲಾಸ್ಟಿಕ್ ಕಾಕು ಅಲ್ಲ. ಗರಿಯದ್ದು. ಊರಿನ ಕ್ಲಬ್ಬಿನಲ್ಲಿ ದೊಡ್ಡವರು ಆಡಿ ಬಿಟ್ಟ ಕಾಕುಗಳನ್ನು ಅಲ್ಲಿನ ಮಾರ್ಕರು, ಅಂದರೆ ಕೋರ್ಟು ನೋಡಿಕೊಳ್ಳೋ ಆಳು, ನಮಗೆ ಎಂಟಾಣೆಗೆ ಒಂದರಂತೆ ಮಾರುತ್ತಿದ್ದ. ಕಾಕಿಗೆ 16 ಗರಿ ಇರಬೇಕು ಅನ್ನೋದು ನಿಯಮ. ನಮ್ಮ ಕೈಗೆ ಬರೋ ಹೊತ್ತಿಗೆ ಹತ್ತೋ ಹನ್ನೊಂದೋ ಉಳಿದಿರುತ್ತಿದ್ದವು. ಅದು ಗಾಳಿಯಲ್ಲಿ ಎಲ್ಲಿಗೆ ಹೋಗಬೇಕು ಅಂತ ತಾನೇ ತೀರ್ಮಾನ ಮಾಡುತ್ತಿತ್ತು.

ಅವತ್ತು ಹುಳಿಯ ಕೊಳಗಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡಿತು.

ಪ್ಲಾಸ್ಟಿಕ್ ಆಗಿದ್ದರೆ ಬೇರೆ ಮಾತು. ಇದು ಬಾತುಕೋಳಿ ಗರಿ. ಬಂಗಾಳದ ಹೌರಾ ಹತ್ತಿರ ಉಲುಬೇರಿಯಾ ಅಂತ ಒಂದು ಊರಿದೆ. ಆಗ ಅಲ್ಲಿ ಮನೆಮನೆಯಲ್ಲೂ ಗರಿ ಆರಿಸಿ, ಅಂಟು ಹಾಕಿ ಕಾಕು ಮಾಡುತ್ತಿದ್ದರು. ಅಲ್ಲಿಂದ ಹೊರಟ ಬಾತುಕೋಳಿ ಗರಿಯೊಂದು ತೆಂಗಿನ ಸೀಮೆಯ ಲಿಂಗಾಯತರ ಮದುವೆಯ ಹುಳಿಯಲ್ಲಿ ತೇಲುತ್ತಿತ್ತು. ನಾವು ನಾಲ್ಕೂ ಜನ ಬ್ಯಾಟು ಬೆನ್ನ ಹಿಂದೆ ಇಟ್ಟುಕೊಂಡು ನಿಂತೆವು. ಅಡಿಗೆಯ ಯಜಮಾನರು ನೋಡಿದರು. ಕೊಳಗ ನೋಡಿದರು, ನಮ್ಮನ್ನು ನೋಡಿದರು, ಆಮೇಲೆ ಛತ್ರದ ಬಾಗಿಲು ನೋಡಿದರು. ಬಾಗಿಲಿನಲ್ಲಿ ಯಾರೂ ಇರಲಿಲ್ಲ. ಉದ್ದನೆಯ ಸೌಟು ತೆಗೆದುಕೊಂಡು, ಬಹಳ ನಿಧಾನವಾಗಿ, ಕಾಕನ್ನು ಅಂಚಿಗೆ ತಂದು ಮೇಲೆತ್ತಿದರು. ಹೆಗಲ ಮೇಲಿನ ವಸ್ತ್ರದಲ್ಲಿ ಸುತ್ತಿದರು. ಸೊಂಟಕ್ಕೆ ಸಿಕ್ಕಿಸಿಕೊಂಡರು. ಆಮೇಲೆ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿ, 'ಹುಳಿ ಇಳಿಸ್ರಪ್ಪಾ' ಅಂತ ಕೂಗಿದರು. ನಮ್ಮ ಕಡೆ ತಿರುಗಿ ಒಂದೇ ಮಾತು ಅಂದರು. 'ನಾನೂ ನೋಡಿಲ್ಲ, ನೀವೂ ನೋಡಿಲ್ಲ.'

ಪಂಕ್ತಿಯಲ್ಲಿ ನಾವು ನಾಲ್ಕೂ ಜನ ಸಾಲಾಗಿ ಕೂತೆವು. ಹುಳಿ ಬಂದಾಗ ನಾಲ್ಕು ಕೈ ಒಟ್ಟಿಗೆ ಎಲೆಗೆ ಅಡ್ಡ ಬಂದವು. ಎದುರು ಸಾಲಿನಲ್ಲಿ ಕೂತಿದ್ದ ದೊಡ್ಡಪ್ಪ ಮಾತ್ರ ಎರಡನೇ ಸಲ ಹಾಕಿಸಿಕೊಂಡು, 'ಇವತ್ತು ಹುಳೀಗೆ ಏನೋ ವಿಶೇಷ ರುಚಿ ಬಂದಿದೆ ಕಣ್ರೀ' ಅಂದರು. ದೊಡ್ಡಪ್ಪ ಈಗಿಲ್ಲ. ಅವರು ಬದುಕಿರೋವರೆಗೂ ಬೇರೆ ಯಾವ ಮದುವೆಗೆ ಹೋದರೂ ಆ ಹುಳಿಯ ಮಾತು ತೆಗೆಯುತ್ತಿದ್ದರು.

ಕಾಕು ಕಳೆದುಕೊಳ್ಳೋಕೆ ನಮಗೆ ಬೇಕಾದಷ್ಟು ದಾರಿ ಇದ್ದವು. ಹಿತ್ತಲಲ್ಲಿ ಗಿಡ್ಡ ತೆಂಗಿನ ಮರಗಳು. ಗರಿಗಳ ಸಂದಿಗೆ ಕಾಕು ಸೇರಿಕೊಂಡರೆ ಕಾಯಿ ಕೀಳೋರು ಬರೋವರೆಗೂ ಕಾಯಬೇಕು. ಅವರು ಬಂದ ದಿನ ನಮಗೆ ಹಬ್ಬ. ಕಾಯಿ ಬಿದ್ದ ಸದ್ದಿಗೆ ಮನೆಯವರು ಲೆಕ್ಕ ಬರೆದುಕೊಳ್ಳುತ್ತಿದ್ದರು, ಸದ್ದಿಲ್ಲದೆ ಬಿದ್ದದ್ದನ್ನು ನಾವು ಆರಿಸಿಕೊಳ್ಳುತ್ತಿದ್ದೆವು. ಇನ್ನೊಂದು ಪಕ್ಕಕ್ಕೆ ಒಬ್ಬರು ಅಜ್ಜಿಯ ಮನೆ. ಅವರ ತಾರಸಿ ಮೇಲೆ ಏಪ್ರಿಲ್ ಪೂರ್ತಿ ಸಂಡಿಗೆ. ಅಲ್ಲಿ ಬಿದ್ದ ಕಾಕು ವಾಪಸ್ ಬರೋ ಪ್ರಶ್ನೆಯೇ ಇಲ್ಲ. 'ನೋಡೇ ಇಲ್ಲಪ್ಪಾ' ಅನ್ನುತ್ತಿದ್ದರು ಅಜ್ಜಿ. ಒಂದು ದಿನ ಅವರ ಮನೆಗೆ ಮಜ್ಜಿಗೆ ಕೊಡೋಕೆ ಹೋದೆ. ದೇವರ ಗೂಡಿನ ಪಕ್ಕ ಹರಳೆಣ್ಣೆ ಬಾಟ್ಲಿ. ಬಾಟ್ಲಿಯ ಬಾಯಿಗೆ, ಈಳಿಗೆಮಣೆಯಲ್ಲಿ ಸುತ್ತಲೂ ಕೆತ್ತಿ ಸಣ್ಣದು ಮಾಡಿದ ನಮ್ಮ ಕಾಕಿನ ಬುಡ. ಪಕ್ಕದ ಸೀಮೆಎಣ್ಣೆ ಬಾಟ್ಲಿಗೂ ಅದೇ. ಅದರ ಪಕ್ಕದ ಜೇನುತುಪ್ಪಕ್ಕೂ ಅದೇ. ನಾವು ಇಡೀ ಬೇಸಿಗೆ ಅಜ್ಜಿಯ ಮನೆಗೆ ಬಿರಡೆ ಸರಬರಾಜು ಮಾಡಿದ್ದೆವು.

ಟೆನಿಸ್ ಬ್ಯಾಟಿನ ಕಥೆ ಬೇರೆ. ಅದನ್ನು ದುಡ್ಡು ಕೊಟ್ಟು ಕೊಂಡವರನ್ನು ನಾನು ಊರಲ್ಲಿ ಕಂಡಿಲ್ಲ. ಸಿದ್ಧಗಂಗೆ ಜಾತ್ರೆಯಲ್ಲಿ ಕೆಂಪು ಪ್ಲಾಸ್ಟಿಕ್ಕಿನ ಟೆನಿಸ್ ಬ್ಯಾಟು, ಅದರ ಜೊತೆಗೆ ಒಂದು ಸ್ಪಂಜಿನ ಚೆಂಡು ಸಿಗುತ್ತಿತ್ತು ನಿಜ. ಆದರೆ ಅದು ಬಸ್ಸಿನಲ್ಲಿ ಊರಿಗೆ ಬರೋದರೊಳಗೆ ಯಾರಾದರೂ ಅದರ ಮೇಲೆ ಕೂತಿರುತ್ತಿದ್ದರು.

ನಿಜವಾದ ಟೆನಿಸ್ ಬ್ಯಾಟು ಇದ್ದದ್ದು ಕ್ಲಬ್ಬಿನಲ್ಲಿ. ಕೆಂಪು ಮಣ್ಣಿನ ಒಂದೇ ಕೋರ್ಟು. ಬೆಳಿಗ್ಗೆ ಮಾರ್ಕರು ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕುತ್ತಿದ್ದ. ಸಾಯಂಕಾಲ ಐದಕ್ಕೆ ಬಿಳೀ ಚಡ್ಡಿ ಹಾಕಿಕೊಂಡು ಆಫೀಸರುಗಳು ಬರುತ್ತಿದ್ದರು. ಹಗಲೆಲ್ಲಾ ಪ್ಯಾಂಟು ಹಾಕಿಕೊಂಡು ನಮ್ಮ ಅಪ್ಪನನ್ನು ಗದರಿಸೋ ಸಾಹೇಬರು ಸಾಯಂಕಾಲ ಚಡ್ಡಿಯಲ್ಲಿ ಕಾಣಿಸಿದರೆ ನಮಗೆ ಏನೋ ಸಮಾಧಾನ. ಚೆಂಡು ಆರಿಸಿ ಕೊಡೋ ಕೆಲಸ ನಮ್ಮದು. ಸಂಬಳ ಇಲ್ಲ, ಆದರೆ ಕೂದಲು ಉದುರಿದ ಚೆಂಡು ಸಿಗುತ್ತಿತ್ತು. ಊರಿನ ಕ್ರಿಕೆಟ್ಟು ನಡೆಯುತ್ತಿದ್ದದ್ದೇ ಆ ಚೆಂಡಿನಿಂದ.

ಒಂದು ವರ್ಷ ವರ್ಗಾವಣೆಯಾಗಿ ಹೊರಟ ಸಾಹೇಬರೊಬ್ಬರು ತಮ್ಮ ಹಳೇ ಮರದ ಬ್ಯಾಟನ್ನು ನನಗೆ ಕೊಟ್ಟು ಹೋದರು. ಹೊಸ ಬ್ಯಾಟುಗಳು ಬಂದಿದ್ದ ಕಾಲ. ಮರದ್ದು ಆಗಲೇ ದೊಡ್ಡ ಆಟಗಾರರ ಕೈ ಬಿಟ್ಟು ಹೋಗುತ್ತಿತ್ತು. 1983ರಲ್ಲಿ ಯಾನಿಕ್ ನೋವಾ ಪ್ಯಾರಿಸ್ಸಿನಲ್ಲಿ ಫ್ರೆಂಚ್ ಓಪನ್ ಗೆದ್ದದ್ದೇ ಮರದ ಬ್ಯಾಟಿಗೆ ಸಿಕ್ಕ ಕೊನೆಯ ದೊಡ್ಡ ಕಪ್ಪು. ನನಗೆ ಅದೆಲ್ಲಾ ಏನು ಗೊತ್ತು? ತೂಕ ಮಾತ್ರ ಗೊತ್ತಾಯಿತು. ಶಟಲ್ ಬ್ಯಾಟು ಮೂರು ನಾಲ್ಕು ಸೇರಿದರೂ ಅಷ್ಟಾಗದು. ಎರಡೂ ಕೈಯಲ್ಲಿ ಹಿಡಿದು ಬೀಸಿದರೆ ಬ್ಯಾಟು ನಿಲ್ಲುತ್ತಿರಲಿಲ್ಲ, ನಾನೇ ಅದರ ಹಿಂದೆ ಒಂದು ಸುತ್ತು ಹೋಗಿ ಬರುತ್ತಿದ್ದೆ.

ಬ್ಯಾಟಿನ ಜೊತೆ ಒಂದು ಪ್ರೆಸ್ಸೂ ಬಂದಿತ್ತು. ಎರಡು ಮರದ ಚೌಕಟ್ಟು, ನಾಲ್ಕು ಮೂಲೆಗೆ ನಾಲ್ಕು ಸ್ಕ್ರೂ. ಆಡಿದ ಮೇಲೆ ಬ್ಯಾಟನ್ನು ಅದರೊಳಗೆ ಇಟ್ಟು ಬಿಗಿ ಮಾಡಬೇಕು, ಇಲ್ಲದಿದ್ದರೆ ಮರ ತೇವಕ್ಕೆ ಬಾಗುತ್ತದೆ. ಸಾಹೇಬರು ಇದನ್ನು ಎರಡು ಸಲ ಹೇಳಿದ್ದರು. ಆದರೆ ನಮ್ಮ ಮನೆಗೆ ಬಂದ ವಸ್ತು ಬಂದ ಕೆಲಸಕ್ಕೇ ಉಳಿದ ಉದಾಹರಣೆ ಇಲ್ಲ. ಪ್ರೆಸ್ಸನ್ನು ಅಪ್ಪ ತಮ್ಮ ಸರ್ಟಿಫಿಕೇಟುಗಳ ಸುರುಳಿ ನೇರ ಮಾಡೋಕೆ ತೆಗೆದುಕೊಂಡರು. ಬ್ಯಾಟನ್ನು ಅಮ್ಮ ಹಾಸಿಗೆಯ ಧೂಳು ಹೊಡೆಯೋಕೆ ಇಟ್ಟುಕೊಂಡರು. ಅಮ್ಮನ ಬ್ಯಾಕ್‌ಹ್ಯಾಂಡ್ ಬಹಳ ಚೆನ್ನಾಗಿತ್ತು. ಸಂಜೆ ಹೊತ್ತು ಬಿಡುವಿದ್ದರೆ ನನಗೆ. ಮಳೆಗಾಲ ಮುಗಿದು ನೋಡಿದರೆ ಬ್ಯಾಟು ಎಣ್ಣೆಗೆ ಬಿದ್ದ ಹಪ್ಪಳದ ಹಾಗೆ ಎರಡೂ ಕಡೆ ಎದ್ದು ನಿಂತಿತ್ತು.

ಆ ಬಾಗಿದ ಬ್ಯಾಟಿನಲ್ಲೇ ನಾವು ವಿಂಬಲ್ಡನ್ ಆಡಿದ್ದು. 1985ರಲ್ಲಿ ಬೋರಿಸ್ ಬೆಕರ್ 17ನೇ ವಯಸ್ಸಿಗೇ ಅಲ್ಲಿ ಗೆದ್ದಿದ್ದ. ಬೆಕರ್ ಚೆಂಡಿಗಾಗಿ ಉದ್ದಕ್ಕೆ ಹಾರಿ ಬೀಳುತ್ತಿದ್ದ. ಬಿದ್ದು, ಎದ್ದು, ನಗುತ್ತಿದ್ದ. ಬಟ್ಟೆಗೆ ಒಂಚೂರು ಹಸಿರು ಹತ್ತುತ್ತಿತ್ತು ಅಷ್ಟೇ. ಇದನ್ನು ಟಿವಿ ಇದ್ದವರ ಮನೆಯ ಕಿಟಕಿಯಲ್ಲಿ ನಿಂತು ನೋಡಿದ ನಮಗೆ, ಟೆನಿಸ್ ಅಂದರೆ ಹಾರೋದು ಅಂತ ಅರ್ಥವಾಯಿತು. ವಿಂಬಲ್ಡನ್ನಿನದು ಹುಲ್ಲು. ನಮ್ಮ ಬೀದಿಗೆ ಆ ವಾರವಷ್ಟೇ ಜಲ್ಲಿ ಹಾಕಿದ್ದರು.

ನಾನು ಹಾರಿದ ಚೆಂಡು ಅಷ್ಟೇನೂ ದೂರ ಇರಲಿಲ್ಲ. ಎರಡು ಹೆಜ್ಜೆ ನಡೆದಿದ್ದರೂ ಸಿಗುತ್ತಿತ್ತು. ಮೊಣಕಾಲು, ಮೊಣಕೈ, ಗದ್ದ, ಮೂರೂ ಒಟ್ಟಿಗೆ ನೆಲ ಮುಟ್ಟಿದವು. ಕಾಂಪೌಂಡರು ಟಿಂಚರ್ ಹಚ್ಚುತ್ತಾ 'ಎಲ್ಲಿಂದ ಬಿದ್ದೆ?' ಅಂದರು. 'ಎಲ್ಲಿಂದಲೂ ಬಿದ್ದಿಲ್ಲ, ನಾನೇ ಹಾರಿದ್ದು' ಅಂದೆ. ಅವರು ಅಪ್ಪನ ಮುಖ ನೋಡಿ ಟಿಟಿ ಇಂಜೆಕ್ಷನ್ ಬರೆದರು. ಮನೆಗೆ ಬಂದ ಮೇಲೆ 'ಬ್ಯಾಟು ಸರಿ ಇದ್ದಿದ್ರೆ ನಾನು ಹಾರಬೇಕಾಗೇ ಇರಲಿಲ್ಲ' ಅಂತ ವಿವರಿಸಿದೆ. ಅಪ್ಪ ಬ್ಯಾಟು ತಿರುಗಿಸಿ ತಿರುಗಿಸಿ ನೋಡಿ, 'ಹೌದು, ಇದು ಸೊಟ್ಟಗಾಗಿದೆ' ಅಂತ ಒಪ್ಪಿಕೊಂಡರು. ನೋಡಿ, ಆ ಕಾಲದ ಬ್ಯಾಟಿನ ತಾಕತ್ತು ಇದು. ಹೊಡೆಯಬೇಕು ಅಂತ ಬಂದ ಅಪ್ಪನನ್ನೂ ಒಪ್ಪಿಸುತ್ತಿತ್ತು.

ಈಗ ಬೆಂಗಳೂರಿನಲ್ಲಿ ನನ್ನ ಮಗಳು ಶಟಲ್ ಕೋಚಿಂಗಿಗೆ ಹೋಗುತ್ತಾಳೆ. ತಗಡಿನ ಸೂರು, ಕೆಳಗೆ ಹಸಿರು ಮ್ಯಾಟು, ಗಂಟೆಗೆ ಇಷ್ಟು ಅಂತ ಬಾಡಿಗೆ. ಬೇರೆ ಶೂ ಹಾಕಿಕೊಂಡರೆ ಒಳಗೆ ಬಿಡೋದಿಲ್ಲ. ಅವಳ ಬ್ಯಾಟು ಕಾರ್ಬನ್ನಿನದು, 80 ಚಿಲ್ಲರೆ ಗ್ರಾಂ. ಮೊದಲ ಸಲ ಕೈಗೆ ಕೊಟ್ಟಾಗ ಕವರು ಮಾತ್ರ ಕೊಟ್ಟಳೇನೋ ಅಂದುಕೊಂಡೆ. ಬೆಲೆ ಕೇಳಿದರೆ ನಮ್ಮೂರ ಫ್ಯಾನ್ಸಿ ಸ್ಟೋರಿನ ಸೂರು ಪೂರ್ತಿ ಖರೀದಿಸಬಹುದಿತ್ತು. ಗಟ್ಟು ಮಷೀನಿನಲ್ಲಿ ಹಾಕುತ್ತಾರೆ, ಇಷ್ಟೇ ಪೌಂಡು ಬಿಗಿ ಅಂತ ಚೀಟಿ ಅಂಟಿಸಿ ಕೊಡುತ್ತಾರೆ. ಮೊಳೆ ಎದ್ದಿಲ್ಲ, ಕುತ್ತಿಗೆ ಅಲ್ಲಾಡೋಲ್ಲ, ಒಂದು ಕಣ್ಣು ಮುಚ್ಚಿ ನೋಡಿದರೂ ನೂಲಿಟ್ಟ ನೇರ.

ಹೋದ ಭಾನುವಾರ ಅವಳ ಜೊತೆಗಾತಿ ಬರಲಿಲ್ಲ. 'ಅಪ್ಪಾ, ನೀನೇ ಬಾ' ಅಂದಳು. ಅವಳ ಎರಡನೇ ಬ್ಯಾಟು ನನಗೆ ಕೊಟ್ಟಳು. ಮೊದಲ ಗೇಮು 21-4. ಆ ನಾಲ್ಕೂ ಅವಳೇ ಹೊರಗೆ ಹೊಡೆದದ್ದು. ನಾನು ಗಟ್ಟನ್ನು ಉಗುರಿನಿಂದ ಮೀಟಿ ಕಿವಿಗೆ ಹಿಡಿದೆ.

'ಏನ್ ಮಾಡ್ತಿದೀಯಪ್ಪಾ?'

'ಗಟ್ಟು ಸ್ವಲ್ಪ ಲೂಸು ಅನ್ಸುತ್ತೆ.'

ಅವಳು ಮಾತಾಡದೆ ತನ್ನ ಬ್ಯಾಟು ನನಗೆ ಕೊಟ್ಟು, ನನ್ನದು ತಾನು ತೆಗೆದುಕೊಂಡಳು. ಎರಡನೇ ಗೇಮು 21-3.

ಲೈಟು ನೇರ ಕಣ್ಣಿಗೆ ಹೊಡೀತಿದೆ ಅಂದೆ. ಕಡೆ ಬದಲಾಯಿಸಿದಳು. ಇಲ್ಲಿ ಚರಂಡಿ ಬೇರೆ ಇಲ್ಲವಲ್ಲ. ಫ್ಯಾನಿನ ಗಾಳಿಗೆ ಕಾಕು ತಿರುಗ್ತಿದೆ ಅಂದೆ. ಹೋಗಿ ಫ್ಯಾನು ಆಫ್ ಮಾಡಿ ಬಂದಳು. ಪಕ್ಕದ ಕೋರ್ಟಿನವರು ಆಟ ನಿಲ್ಲಿಸಿ ಈ ಕಡೆ ನೋಡುತ್ತಿದ್ದರು. ಇನ್ನೇನು ಹೇಳೋದು? ಕೋರ್ಟಿನ ಉದ್ದಕ್ಕೆ ಒಂದು ಸಲ ಕಣ್ಣು ಹಾಯಿಸಿದೆ.

'ನನಗೇನೋ ಈ ಕಡೆ ನೆಲ ಸ್ವಲ್ಪ ಇಳಿಜಾರು ಇದೆ ಅನ್ಸುತ್ತೆ' ಅಂದೆ.

ಅವಳು ಬ್ಯಾಗಿನಿಂದ ಫೋನು ತೆಗೆದಳು. ಅದೇನೋ ಒತ್ತಿ, ನನ್ನ ಕಾಲ ಹತ್ತಿರ ಮ್ಯಾಟಿನ ಮೇಲೆ ಅಂಗಾತ ಇಟ್ಟಳು. ಬಗ್ಗಿ ನೋಡಿದೆ. ಪರದೆಯ ನಡುವೆ ದಪ್ಪ ಅಕ್ಷರದಲ್ಲಿ ಸೊನ್ನೆ ಡಿಗ್ರಿ ಅಂತಿತ್ತು.

ಆದರೆ ಒಂದು ಮಾತು. ಆ ಫೋನು ದೀಪಾವಳಿಯಲ್ಲಿ ಮೆಟ್ಟಿಲ ಮೇಲಿಂದ ಬಿದ್ದು ಮೂಲೆ ಒಡೆದದ್ದು. ಅದು ಹೇಳೋ ಲೆಕ್ಕ ಎಷ್ಟು ಸರಿಯೋ ಯಾರಿಗೆ ಗೊತ್ತು, ಅಲ್ವಾ?